'ಯಾವ ಎಂ.ಇಡಿ. ಆದರೂ ನಡೆಯುತ್ತದೆ' ಎಂಬುದು ಸುಳ್ಳು

ಧಾರವಾಡದ ಸಪ್ತಾಪುರದ ಕೋಚಿಂಗ್ ಗುಂಪುಗಳಲ್ಲಿ ವಾಟ್ಸ್‌ಆ್ಯಪ್ ಸಂದೇಶವೊಂದು ಸುತ್ತುತ್ತಿದೆ: 'ಯಾವುದೇ ಎಂ.ಇಡಿ. ಮುಗಿಸಿದವರು ಪ್ರಾಥಮಿಕ ಶಾಲೆಯ ವಿಶೇಷ ಶಿಕ್ಷಕರಾಗಬಹುದು, ಬೇರೆ ನೋಂದಣಿ ಬೇಡ.' ಇದು ತಪ್ಪು. ವಿಶೇಷ ಶಿಕ್ಷಕರೆಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವವರು.

1992ರ ಭಾರತೀಯ ಪುನರ್ವಸತಿ ಪರಿಷತ್ (ಆರ್‌ಸಿಐ) ಕಾಯ್ದೆಯಂತೆ, ಇವರಿಗೆ ಪರಿಷತ್ತು ಮಾನ್ಯ ಮಾಡಿದ ಅರ್ಹತೆ ಮತ್ತು ಅದರ ಕೇಂದ್ರ ರಿಜಿಸ್ಟರಿನಲ್ಲಿ ನೋಂದಣಿ ಎರಡೂ ಬೇಕು. ಮೀರಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. (ದಂಡದ ಮೊತ್ತ ನೋಡಿ ನಗುವವರು ಸಜೆಯ ಸಾಲನ್ನೂ ಓದಲಿ.)

ಇದು ಬರಿಯ ಕಾಗದದ ಕಾಟವಲ್ಲ. ಅಂಧ ಮಕ್ಕಳು ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನೇ ನೋಡಿ: ಅದರ ಸ್ಲೇಟಿನಲ್ಲಿ ಮೊನಚು ಕಡ್ಡಿಯೊತ್ತಿ ಬಲದಿಂದ ಎಡಕ್ಕೆ ಬರೆಯಬೇಕು. ಹಾಳೆ ಮಗುಚಿದಾಗಲೇ ಉಬ್ಬಿದ ಚುಕ್ಕೆಗಳು ಎಡದಿಂದ ಬಲಕ್ಕೆ ಬೆರಳಿಗೆ ಸಿಗುತ್ತವೆ. ಸಾಮಾನ್ಯ ಎಂ.ಇಡಿ. ಇದನ್ನು ಕೈಗೆ ಹತ್ತಿಸುವುದಿಲ್ಲ.

ವಿಶೇಷ ಶಿಕ್ಷಣದ ಎಂ.ಇಡಿ.ಯೇ ಬೇರೆ, ಅವಧಿ ಎರಡು ವರ್ಷ. ಅದಕ್ಕೆ ಸೇರಲು ಸಾಮಾನ್ಯ ಬಿ.ಇಡಿ. ಒಂದೇ ಸಾಲದು, ಜೊತೆಗೆ ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣ ಡಿಪ್ಲೊಮಾ ಇರಬೇಕು, ಇಲ್ಲವೇ ವಿಶೇಷ ಬಿ.ಇಡಿ.ಯೇ ಆಗಿರಬೇಕು. ಚಿಕ್ಕ ಮಕ್ಕಳಿಗೆ ಕಲಿಸುವುದಷ್ಟೇ ಗುರಿಯಾದರೆ ವಿಶೇಷ ಶಿಕ್ಷಣದ ಡಿ.ಇಡಿ.ಯಿಂದಲೇ ಆರಂಭಿಸಬಹುದು. ಹಾವೇರಿ, ಗದಗದಿಂದ ಬಂದು ರೂಮು ಹಿಡಿದವರು ಶುಲ್ಕ ಕಟ್ಟುವ ಮುನ್ನ ಕಾಲೇಜಿನ ಮಾನ್ಯತೆಯನ್ನು ಪರಿಷತ್ತಿನ ಪಟ್ಟಿಯಲ್ಲಿ ನೋಡಿಕೊಳ್ಳಲಿ.