ಕಥೆಯನ್ನು ಮುಂದಕ್ಕೆ ನೂಕದ ಹಾಡು: ಇರಲಿ, ಬೇಡ

ಪರ: ಪ್ರೇಕ್ಷಕರಿಗೂ ಒಂದು ಗಡಿಯಾರವಿದೆ

1943ರಲ್ಲಿ 'ಒಕ್ಲಹೋಮಾ!' ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದ ಮೇಲೆ ಸಂಗೀತ ನಾಟಕ ಬರೆಯುವವರ ತಲೆಯಲ್ಲಿ ಒಂದು ಕಟ್ಟಳೆ ಬೇರೂರಿತು. ಹಾಡು ಶುರುವಾದಾಗ ಪಾತ್ರ ಎಲ್ಲಿತ್ತೋ, ಮುಗಿದಾಗ ಅಲ್ಲೇ ಇರಬಾರದು. ಕಟ್ಟಳೆ ಒಳ್ಳೆಯದೇ, ಆದರೆ ಅದರ ಪಿತಾಮಹರೆಂದು ಹೆಸರಾದ, ಆ ನಾಟಕದ ಜೋಡಿ ಕರ್ತೃಗಳಾದ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ತಾವೇ ಅದನ್ನು ಅಕ್ಷರಶಃ ಪಾಲಿಸಲಿಲ್ಲ. 1945ರ 'ಕ್ಯಾರೊಸೆಲ್'ನ ಎರಡನೇ ಅಂಕ ತೆರೆಯುವುದು ಕಡಲತೀರದಲ್ಲಿ ಹೊಟ್ಟೆ ಬಿರಿಯೆ ಉಂಡವರ ಹಾಡಿನಿಂದ. ಹಾಡಿನುದ್ದಕ್ಕೂ ಏನೂ ಘಟಿಸುವುದಿಲ್ಲ. ಅದು 'ಒಕ್ಲಹೋಮಾ!'ಕ್ಕೆಂದು ಬರೆದು ಬಳಸದೆ ಉಳಿದಿದ್ದ ಧಾಟಿ. ಅಲ್ಲಿ ಹುಲ್ಲುಗಾಡಿಯ ಸವಾರಿಯನ್ನು ಕೊಂಡಾಡುತ್ತಿದ್ದ ಸಾಹಿತ್ಯ ಇಲ್ಲಿ ಊಟವನ್ನು ಕೊಂಡಾಡಿತು, ಅಷ್ಟೇ. ಆದರೂ ಅದು ಸರಿಯಾದ ಜಾಗದಲ್ಲಿದೆ. ಅದೇ ಅಂಕದಲ್ಲಿ ನಾಯಕ ಸಾಯಬೇಕು. ಉಂಡವರ ಆ ನೆಮ್ಮದಿಯನ್ನು ಮೊದಲು ತೋರಿಸದಿದ್ದರೆ ಸಾವು ಬಂದು ಕೆಡಿಸುವುದಾದರೂ ಏನನ್ನು?

ಎರಡನೇ ಅಂಕದ ಮೊದಲ ಹಾಡಿಗೆ ಇನ್ನೂ ನೇರವಾದ ಕಾರಣವೊಂದಿದೆ. ವಿರಾಮ ಮುಗಿದು ದೀಪ ಆರಿದರೂ ಅರ್ಧ ಸಾಲು ಇನ್ನೂ ಕುರ್ಚಿ ಹುಡುಕುತ್ತಿರುತ್ತದೆ. ಆ ಮೂರು ನಿಮಿಷದಲ್ಲಿ ಮುಖ್ಯ ಸಂಗತಿ ಹೇಳಿದರೆ ಮುಂದಿನ ಒಂದು ಗಂಟೆ ಪಕ್ಕದವರನ್ನು "ಏನಾಯಿತು?" ಎಂದು ಕೇಳುವವರು ಇದ್ದೇ ಇರುತ್ತಾರೆ. 1948ರ 'ಕಿಸ್ ಮಿ, ಕೇಟ್'ನಲ್ಲಿ ಕೋಲ್ ಪೋರ್ಟರ್ ಅಲ್ಲಿ ಸೆಕೆಯ ಬಗ್ಗೆ ಹಾಡು ಇಟ್ಟರು. ಕಿರಿಯ ಪಾತ್ರಗಳು ಥಿಯೇಟರಿನ ಹಿಂದಿನ ಓಣಿಯಲ್ಲಿ ಹಾಡಿ ಕುಣಿಯುತ್ತಾರೆ. ತಪ್ಪಿಸಿಕೊಂಡವರಿಗೆ ನಷ್ಟವಿಲ್ಲ, ಕೂತವರಿಗೆ ಹಬ್ಬ.

ಇನ್ನು ಪ್ರಹಸನ. ಬಾಗಿಲಲ್ಲಿ ಒಬ್ಬ ಹೊಕ್ಕರೆ ಕಿಟಕಿಯಿಂದ ಇನ್ನೊಬ್ಬ ಹಾರುವ ನಾಟಕದಲ್ಲಿ ಕಥೆಗೆ ವೇಗ ಕಡಿಮೆಯಿರುವುದಿಲ್ಲ, ಹೆಚ್ಚೇ ಇರುತ್ತದೆ. 1962ರ 'ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಂ'ನಲ್ಲಿ ಸ್ಟೀಫನ್ ಸೋಂಡ್‌ಹೈಮ್‌ರ ಹಾಡುಗಳು ಆ ಓಟಕ್ಕೆ ನಡುನಡುವೆ ಸಿಕ್ಕ ಕಟ್ಟೆಗಳು. ಪ್ರೇಕ್ಷಕರು ನಕ್ಕು ಉಸಿರು ತೆಗೆದುಕೊಳ್ಳುತ್ತಾರೆ, ಯಾರು ಯಾರ ವೇಷದಲ್ಲಿದ್ದಾರೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಈ ಹಾಡನ್ನು ಗೊಂದಲ ಶಿಖರ ಮುಟ್ಟಿ ರಂಗ ಖಾಲಿಯಾದ ಕ್ಷಣದಲ್ಲಿ ಇಡಬೇಕು. ಗೊಂದಲ ಏರುತ್ತಿರುವಾಗಲೇ ಇಟ್ಟರೆ ಕಾಯಿಸಿದ ಬಾಣಲೆ ತಣ್ಣಗಾಗುತ್ತದೆ. ಅದೇ ನಾಟಕ ವಾಷಿಂಗ್ಟನ್‌ನ ಪರೀಕ್ಷಾ ಪ್ರದರ್ಶನಗಳಲ್ಲಿ ಮುಗ್ಗರಿಸಿತ್ತು. ಸಹಾಯಕ್ಕೆ ಬಂದ ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್ ದೋಷ ಕಂಡದ್ದು ಮೊದಲ ಹಾಡಿನಲ್ಲಿ: ಅದು ನವಿರಾದ ಪ್ರೇಮದ ಧಾಟಿ, ಪ್ರೇಕ್ಷಕರು ಅದಕ್ಕೆ ತಕ್ಕ ಮನಸ್ಸು ಮಾಡಿಕೊಂಡು ಕೂತಿದ್ದರು. ಇಂದು ಹಾಸ್ಯವುಂಟೆಂದು ಸಾರುವ ಹೊಸ ಹಾಡು ಬಂತು, ನಾಟಕ ಗೆದ್ದಿತು. ಆ ಹಾಡಿನಲ್ಲಿ ಕಥೆ ಒಂದು ಹೆಜ್ಜೆಯೂ ನಡೆಯುವುದಿಲ್ಲ.

ರಂಗದ ಹಿಂದಿನ ಲೆಕ್ಕ ಕೂಡ ನೋಡಿ. 32 ಬಾರ್‌ಗಳ, ಅಂದರೆ ತಾಳದ 32 ಆವರ್ತಗಳ ಹಾಡು, ಬಾರಿಗೆ 4 ಎಣಿಕೆ, ನಿಮಿಷಕ್ಕೆ 120 ಎಣಿಕೆಯ ನಡೆ: ಒಂದು ಸುತ್ತಿಗೆ 64 ಸೆಕೆಂಡು. ಅರಮನೆ ಸರಿದು ಸಂತೆ ಬರಲು 90 ಸೆಕೆಂಡು ಬೇಕಿದ್ದರೆ ಒಂದು ಸುತ್ತು ಸಾಲದು, ಎರಡು ಸುತ್ತು ಧಾರಾಳ. ಪರದೆಯ ಮುಂದಿನ ಕಿರಿದಾದ ಪಟ್ಟಿಯಲ್ಲಿ ಇಬ್ಬರು ನಿಂತು ಹಾಡುವ ಪದ್ಧತಿ ಹುಟ್ಟಿದ್ದೇ ಹೀಗೆ. ಇಲ್ಲಿ ಹೊಸಬರು ಎಡವುವುದು ವ್ಯಾಂಪ್‌ನಲ್ಲಿ, ಅಂದರೆ ಸನ್ನೆ ಸಿಗುವವರೆಗೆ ತಿರುತಿರುಗಿ ನುಡಿಸುವ ಎರಡೋ ನಾಲ್ಕೋ ಬಾರ್‌ಗಳಲ್ಲಿ. ಅದನ್ನು ಕೊನೆಯ ಸುತ್ತಿಗೆ ಮೊದಲು, ಎರಡು ಸಾಲು ಮಾತಿನ ಕೆಳಗೆ ಇಡಬೇಕು. ಹಾಡು ಮುಗಿದು ಚಪ್ಪಾಳೆ ಬಿದ್ದ ಮೇಲೆ ಇಟ್ಟರೆ, ಸಿಕ್ಕಿಕೊಂಡ ಸೆಟ್ಟನ್ನು ಹಿಂದೆ ನೂಕುತ್ತಿದ್ದಾರೆಂದು ಸಭಾಂಗಣಕ್ಕೆಲ್ಲ ತಿಳಿಯುತ್ತದೆ.

ಆದರೆ ನನ್ನ ವಾದದ ಬಲ ಇರುವುದು ಬೆವರಿನ ಲೆಕ್ಕದಲ್ಲಲ್ಲ, 1966ರ 'ಕ್ಯಾಬರೆ'ಯಲ್ಲಿ. ನಾಜಿಗಳು ತಲೆಯೆತ್ತುತ್ತಿದ್ದ ಕಾಲದ ಬರ್ಲಿನ್ನಿನ ಕ್ಲಬ್ಬಿನಲ್ಲಿ ಸೂತ್ರಧಾರ ಹಾಡುವ ಹಾಡುಗಳಿಂದ ಯಾವ ಪಾತ್ರದ ಬದುಕೂ ಬದಲಾಗುವುದಿಲ್ಲ. ಯೆಹೂದಿ ಹಣ್ಣಿನ ವ್ಯಾಪಾರಿಯ ಜೊತೆ ಮನೆಯೊಡತಿಯ ಮದುವೆ ಮಾತು ಮುರಿಯುವ ಹೊತ್ತಿಗೆ ಸೂತ್ರಧಾರ ಗೊರಿಲ್ಲಾ ವೇಷವನ್ನು ಅಪ್ಪಿ ಕುಣಿಯುತ್ತಾನೆ. ನಗುತ್ತಿದ್ದವರ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. 1972ರಲ್ಲಿ ಬಾಬ್ ಫಾಸ್ಸಿ ಇದನ್ನು ಸಿನಿಮಾ ಮಾಡಿದಾಗ, ಪಾತ್ರಗಳು ಮಾತಿನ ನಡುವೆ ಎದ್ದು ಹಾಡುವ ಹಾಡುಗಳಿಗೇ ಕತ್ತರಿ ಬಿತ್ತು. ಉಳಿದದ್ದು ಬಹುಪಾಲು ಕ್ಲಬ್ಬಿನ ವೇದಿಕೆಯ ಹಾಡುಗಳು. 'ಕಥೆಗೆ ಬೇಕಾದವು' ಹೋದವು, 'ಬೇಡವಾದವು' ನಿಂತವು.

ವಿರೋಧ: ಎತ್ತಿಟ್ಟು ನೋಡಿ

ಪರೀಕ್ಷೆ ಸುಲಭ. ಅನುಮಾನವಿರುವ ಹಾಡನ್ನು ಬಿಟ್ಟು, ಅದರ ಹಿಂದಿನ ಮತ್ತು ಮುಂದಿನ ತಲಾ ಐದು ಪುಟ ಮಾತನ್ನು ನಾಟಕ ಗೊತ್ತಿಲ್ಲದವರ ಮುಂದೆ ಓದಿಸಿ. ಎಲ್ಲೂ ತೊಡಕಾಗದಿದ್ದರೆ ಅದು ಹೋಗಲಿ. 'ಕ್ಯಾಬರೆ'ಯ ಗೊರಿಲ್ಲಾ ಹಾಡು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಏಕೆಂದರೆ ಪಕ್ಕದ ದೃಶ್ಯದ ಅರ್ಥವೇ ಅದರಿಂದ ತಿರುಗುತ್ತದೆ. ಅದನ್ನು ಹತ್ತು ನಿಮಿಷ ಮೊದಲು ಇಟ್ಟರೆ ಬರೀ ತಮಾಷೆ. ಹಾಗಾಗಿ ಅದರ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಹೆಸರು ಹೇಳಿ ಪ್ರತಿ ದೃಶ್ಯಕ್ಕೂ ಒಬ್ಬ ಸೂತ್ರಧಾರನನ್ನು ತಂದು ನಾವು ಆಗಲೇ ಕಂಡದ್ದನ್ನು ಹಾಡಿಸುವವರ ಮೇಲೆ.

ಹಾಡು ಚೆನ್ನಾಗಿದ್ದರೆ ಸಾಕು ಎನ್ನುವವರಿಗೆ 1956ರ 'ಮೈ ಫೇರ್ ಲೇಡಿ'ಯ ಒಂದು ಪಾಠವಿದೆ. ನಾಯಕಿ ಎಲೈಜಾಳ ಬೀದಿಯಲ್ಲಿ ನಿಂತು ಫ್ರೆಡ್ಡಿ ಹಾಡುವ ಪ್ರೇಮಗೀತೆ ಇಂದು ಆ ನಾಟಕದ ಅತಿ ಪ್ರಸಿದ್ಧ ಹಾಡುಗಳಲ್ಲೊಂದು. ನ್ಯೂ ಹೇವನ್‌ನ ಪರೀಕ್ಷಾ ಪ್ರದರ್ಶನದಲ್ಲಿ ಅದು ನೆಲಕಚ್ಚಿತು, ಅದನ್ನು ತೆಗೆದುಹಾಕುವ ಮಾತೂ ಬಂದಿತ್ತು. ಸ್ವರದಲ್ಲಿ ಕೊರತೆಯಿರಲಿಲ್ಲ. ಈ ಹುಡುಗ ಯಾರೆಂದೇ ಜನಕ್ಕೆ ಗುರುತು ಸಿಕ್ಕಿರಲಿಲ್ಲ. ಕುದುರೆ ಪಂದ್ಯದ ದೃಶ್ಯದಲ್ಲಿ ಎಲೈಜಾ ಆಡಿದ ಮಾತುಗಳನ್ನು ನೆನಪಿಸುವ ಹೊಸ ಪೀಠಿಕೆಯನ್ನು ಸಾಹಿತ್ಯ ಬರೆದ ಅಲನ್ ಜೇ ಲರ್ನರ್ ಸೇರಿಸಿದರು, ಅದೇ ಹಾಡಿಗೆ ಚಪ್ಪಾಳೆ ಬಿತ್ತು. ಅದನ್ನು ಉಳಿಸಿದ್ದು ಧಾಟಿಯಲ್ಲ, ಕಥೆಗೆ ಕಟ್ಟಿದ ಆ ನಾಲ್ಕಾರು ಸಾಲು. ಅದೇ ನಾಟಕದಿಂದ ತೆಗೆದ ಇನ್ನೊಂದು ಹಾಡು 1958ರ 'ಜೀಜೀ' ಸಿನಿಮಾದಲ್ಲಿ ನೆಲೆ ಕಂಡಿತು. ಕತ್ತರಿಸಿದ ಹಾಡು ಸಾಯುವುದಿಲ್ಲ ಎನ್ನುವುದನ್ನು ಬರೆಯುವವರು ನೆನಪಿಡಬೇಕು.

1964ರ 'ಫಿಡ್ಲರ್ ಆನ್ ದ ರೂಫ್'ನಲ್ಲಿಯೂ ಹೀಗೇ. ಯೆಹೂದಿಗಳು ಊರು ಬಿಡಬೇಕೆಂಬ ಆಜ್ಞೆ ಬಂದ ಮೇಲೆ, ತಡವಾಗಿ ಬಂದು ಕ್ಷಮೆ ಕೇಳುವ ಮಸೀಹನ ಬಗ್ಗೆ ಒಂದು ಹಾಸ್ಯಗೀತೆಯಿತ್ತು. ಬಿಡಿಯಾಗಿ ಕೇಳಿದರೆ ಸೊಗಸು. ಆದರೆ ಮನೆಮಠ ಕಳೆದುಕೊಳ್ಳುವವರನ್ನು ನೋಡುತ್ತ ನಗಲು ಜನಕ್ಕೆ ಮನಸ್ಸು ಬರಲಿಲ್ಲ, ಹಾಡು ಹೋಯಿತು.

ಸೆಟ್ ಬದಲಿಸಲು ಸಮಯ ಬೇಕೆಂಬ ವಾದಕ್ಕೆ ಒಂದು ಕಾಲದಲ್ಲಿ ತೂಕವಿತ್ತು. ಈಗ ಯಂತ್ರ ಎಳೆಯುವ ಗಾಲಿ ವೇದಿಕೆಗಳೂ ತಿರುಗುವ ರಂಗಗಳೂ ಇವೆ, ಬದಲಾವಣೆ ಪ್ರೇಕ್ಷಕರ ಕಣ್ಣೆದುರೇ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಕಟ್ಟಡ ಎದ್ದ ಮೇಲೂ ಸಾರವೆ ಬಿಚ್ಚದವರ ಹಾಗೆ ನಾವು ಆ ಹಾಡುಗಳನ್ನು ಹೊಸ ನಾಟಕಕ್ಕೂ ಬರೆಯುತ್ತಿದ್ದೇವೆ.

ಬೆಲೆಯನ್ನು ಯಾರೂ ಪೂರ್ತಿ ಲೆಕ್ಕ ಹಾಕುವುದಿಲ್ಲ. ಮೂರು ನಿಮಿಷದ ಹಾಡು ಮೂರೇ ನಿಮಿಷ ತಿನ್ನುವುದಿಲ್ಲ. ಮಾತಿನಿಂದ ಹಾಡಿಗೆ ಏರಲು ಅರ್ಧ ನಿಮಿಷ, ನಡುವೆ ಕುಣಿತಕ್ಕೆ ಒಂದೂವರೆ, ಹಾಡು ಮುಗಿಯಿತೆಂದು ಸಾರುವ ಕೊನೆಯ 'ಬಟನ್' ಹೊಡೆತಕ್ಕೆ ಬೀಳುವ ಚಪ್ಪಾಳೆ ಹತ್ತು ಸೆಕೆಂಡು. ಆಮೇಲೆ ಅಸಲಿ ತೊಂದರೆ. ಕುಣಿದವರು ಏದುಸಿರು ಬಿಡುತ್ತಿದ್ದಾರೆ, ಕೂದಲಲ್ಲಿ ಸಿಕ್ಕಿಸಿದ ಮೈಕು ಆ ಉಸಿರನ್ನೆಲ್ಲ ಸಭಾಂಗಣಕ್ಕೆ ಹರಡುತ್ತಿದೆ. ಅವರ ಬಾಯಲ್ಲಿ ಗುಟ್ಟಿನ ಮಾತು ಆಡಿಸಲಾಗದು, ಹಾಗಾಗಿ ಬೇರೆ ಇಬ್ಬರನ್ನು ತಂದು ಅರ್ಧ ನಿಮಿಷ ಹರಟಿಸಬೇಕು. ಬೇಡದ ಹಾಡು ಬೇಡದ ದೃಶ್ಯವನ್ನೂ ಕೈಹಿಡಿದು ಕರೆತರುತ್ತದೆ.

1968ರ 'ಪ್ರಾಮಿಸಸ್, ಪ್ರಾಮಿಸಸ್'ನ ಕ್ರಿಸ್ಮಸ್ ಕೂಟದ ಹಾಡನ್ನು ಎದುರಿಗಿಡುವವರಿದ್ದಾರೆ. ಅದನ್ನು ಜನ ನೆನೆಯುವುದು ಮೈಕಲ್ ಬೆನೆಟ್ ಹೆಣೆದ ಕುಣಿತಕ್ಕಾಗಿ. ಆ ಕಾಲುಗಳಿಲ್ಲದೆ ಅದನ್ನು ಸುಮ್ಮನೆ ನಿಂತು ಹಾಡಿಸಿ ನೋಡಿ, ಆಮೇಲೆ ಮಾತಾಡೋಣ.

ತೆಗೆಯುವುದಕ್ಕೂ ಕ್ರಮವಿದೆ. ಮೊದಲು ಎರಡನೇ ಚರಣ, ಆಮೇಲೆ ಕುಣಿತದ ಭಾಗ, ಎರಡೂ ಹೋದ ಮೇಲೆ ಹಾಡು ನಿಲ್ಲಬಲ್ಲದೇ ನೋಡಿ. ಬಹಳ ಸಲ ಒಂದೇ ಸುತ್ತು ಸಾಕಾಗುತ್ತದೆ. ಪೂರ್ತಿ ತೆಗೆದಿರೋ, ಅದರ ಹಿಂದೆ ಮುಂದೆ ಇದ್ದ ಎರಡು ಹಾಡುಗಳು ಈಗ ಅಕ್ಕಪಕ್ಕ ಬಂದಿರುತ್ತವೆ. ಎರಡಕ್ಕೂ ಒಂದೇ ಶ್ರುತಿ, ಒಂದೇ ನಡೆಯಿದ್ದರೆ ಎರಡನೆಯದು ಮೊದಲನೆಯದರ ಬಾಲದಂತೆ ಕೇಳುತ್ತದೆ, ಶ್ರುತಿ ಬದಲಿಸಿ. ಆ ಹಾಡಿನ ಹೊತ್ತಿನಲ್ಲಿ ಯಾರ ವೇಷ ಬದಲಾಗುತ್ತಿತ್ತು ಎಂದು ಪ್ರಸಾಧನದವರನ್ನು ಕೇಳಿ, ಇಲ್ಲದಿದ್ದರೆ ಮುಂದಿನ ದೃಶ್ಯಕ್ಕೆ ರಾಣಿ ಅರ್ಧ ಗುಂಡಿ ಹಾಕಿಕೊಂಡು ಬರುತ್ತಾಳೆ. ಮಾತಿನ ಕೆಳಗೆ ನುಡಿಸುವ ಹಿನ್ನೆಲೆಯಲ್ಲಿ, ನಾಟಕಕ್ಕೆ ಮೊದಲಿನ ವಾದ್ಯಸಂಗೀತವಾದ ಓವರ್ಚರ್‌ನಲ್ಲಿ ಆ ಧಾಟಿ ಉಳಿದಿರುತ್ತದೆ. ಅಲ್ಲಿಂದಲೂ ಅಳಿಸಿ. ಓವರ್ಚರ್‌ನಲ್ಲಿ ಕಿವಿಗೆ ಬಿದ್ದ ಧಾಟಿಗಾಗಿ ಕೆಲವರಾದರೂ ಕೊನೆಯ ತೆರೆ ಬೀಳುವವರೆಗೂ ಕಾಯುತ್ತಾರೆ.