ಕೋಲಾರದ ಪಾರ್ಕಿಗೆ ಚಿನ್ನದ ಮೆರುಗಿನ ಪ್ರತಿಮೆ ಬೇಕಾ?

ಪರ

ಬೇಕು. ನೂರು ವರ್ಷಕ್ಕೂ ಮಿಕ್ಕಿ ನಮ್ಮ ಜಿಲ್ಲೆಯ ನೆಲದಿಂದ ಚಿನ್ನ ತೆಗೆದರು. ಒಟ್ಟು ಸುಮಾರು 800 ಟನ್. ಕೋಲಾರ ಅಂದ ಕೂಡಲೇ ಎಲ್ಲರೂ ಚಿನ್ನ ಅನ್ನುತ್ತಾರೆ. ಆ ಚಿನ್ನ ಎಲ್ಲಿದೆ, ತೋರಿಸು ಅಂತ ಮಗು ಕೇಳಿದರೆ ತೋರಿಸೋಕೆ ನಮ್ಮಲ್ಲಿ ಏನಿದೆ?

ಶಿಕಾಗೋದ ಜಾಕ್ಸನ್ ಪಾರ್ಕಿನಲ್ಲಿ 24 ಅಡಿ ಎತ್ತರದ ಹೆಣ್ಣಿನ ಪ್ರತಿಮೆಯಿದೆ. 1918ರದ್ದು. ಕಂಚಿನ ಮೇಲೆ ಚಿನ್ನದ ರೇಕು. ಅವಳು ಯಾವ ರಾಣಿಯೂ ಅಲ್ಲ. ಗಣರಾಜ್ಯಕ್ಕೇ ಹೆಣ್ಣಿನ ರೂಪ ಕೊಟ್ಟಿದ್ದಾರೆ. ನಾವೂ ದುಡಿಮೆಗೆ ಒಂದು ರೂಪ ಕೊಡಬಹುದು, ಅಲ್ವಾ? ಸೆರಗು ಸಿಕ್ಕಿಸಿದ ಹೆಂಗಸು. ಒಂದು ಕೈಯಲ್ಲಿ ಗಣಿಯ ದೀಪ, ಇನ್ನೊಂದರಲ್ಲಿ ರಾಗಿ ತೆನೆ. ನಾಯಕರ ಪ್ರತಿಮೆ ಅಂದರೆ ಯಾವ ಜಾತಿ, ಯಾವ ಪಕ್ಷ ಅಂತ ಜಗಳ ಶುರುವಾಗುತ್ತದೆ. ದುಡಿಮೆಗೆ ಆ ಕಾಟವಿಲ್ಲ.

ಚಿನ್ನದ ಖರ್ಚಿಗೆ ಹೆದರಬೇಕಿಲ್ಲ. ರೇಕು ಎಷ್ಟು ತೆಳು ಅಂದರೆ, ಒಂದು ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಜಾಗವನ್ನು ಮುಚ್ಚುತ್ತದೆ.

ವಿರೋಧ

ಬೇಡ. ಖರ್ಚು ಚಿನ್ನದ್ದೊಂದೇ ಅಲ್ಲ, ಕಂಚು, ಕೂಲಿ, ಕಾವಲು ಎಲ್ಲ ಇದೆ. ಶಿಕಾಗೋದವರೂ 1992ರಲ್ಲಿ ಮತ್ತೆ ರೇಕು ಹೊದಿಸಬೇಕಾಯಿತು. ಆದರೆ ನನ್ನ ಸಂಕಟ ಬೇರೆ.

ಗಣಿಗೆ ಇಳಿದವರ ಕಣ್ಣಿಗೆ ಬಿದ್ದದ್ದು ಹೊಳಪಲ್ಲ, ಕಲ್ಲು ಮತ್ತು ಧೂಳು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಅಷ್ಟು ಕೆಳಗೆ ಬಂಡೆಯೇ ಕಾದಿರುತ್ತಿತ್ತು. ಬಂಡೆ ಸಿಡಿದು ಸತ್ತವರಿದ್ದಾರೆ. ಧೂಳು ಕುಡಿದು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂದು ಕೆಮ್ಮುತ್ತಲೇ ಹೋದವರಿದ್ದಾರೆ. ಕೊನೆಗಾಲದಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿಯೇ ಕೆಜಿಎಫ್‌ನ ಸೈನೈಡ್ ಗುಡ್ಡ. ಗಾಳಿ ಬೀಸಿದರೆ ಅದರ ಧೂಳು ಒಣಹಾಕಿದ ಬಟ್ಟೆಯ ಮೇಲೆ, ತುಂಬಿಟ್ಟ ಕೊಡದ ಮೇಲೆ ಕೂರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಮನೆಗಳ ಮಕ್ಕಳು ಈಗ ಬೆಳಗಾಗುವ ಮುಂಚೆ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ.

ದುಡಿಮೆಗೆ ಜಾತಿಯ ಕಾಟವಿಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. ಕೆಳಗೆ ಇಳಿದವರಲ್ಲಿ ಬಹುಪಾಲು ಜನ ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಹೆಸರಿಲ್ಲದ ಒಬ್ಬ ಚಿನ್ನದ ಹೆಂಗಸನ್ನು ಸುಮ್ನೆ ತಂದು ನಿಲ್ಲಿಸಿದರೆ ಆ ಮಾತೇ ಮುಚ್ಚಿಹೋಗುತ್ತದೆ.

ಪಾರ್ಕಿನಲ್ಲಿ ಏನಾದರೂ ಬೇಕೇ ಬೇಕು ಅಂದರೆ ಕಲ್ಲಿನ ಗೋಡೆ ಕಟ್ಟಿಸಿ. ಗಣಿಯಲ್ಲಿ ಸತ್ತವರ ಹೆಸರನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೆತ್ತಿಸಿ. ಮಾಲೂರು ತಾಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಕಲ್ಲು ಕೆತ್ತುವವರಿದ್ದಾರೆ. ಆ ಕೆಲಸ ಅವರಿಗೇ ಕೊಡಿ.