ಎಸ್ಸೆಸ್ಸೆಲ್ಸಿ ಸಾಕು, ಆದರೆ ಯಾವ ಹುದ್ದೆಗೆ?

ಎಸ್ಸೆಸ್ಸೆಲ್ಸಿ ಪಾಸಾದರೆ ಕರ್ನಾಟಕದಲ್ಲಿ ಪೊಲೀಸ್ ಆಗಬಹುದು ಅಂತ ನಿಮ್ಮ ಲೇಖನದಲ್ಲಿ ಸುಮ್ನೆ ಬರೆದುಬಿಟ್ಟಿದ್ದೀರಿ. ಅದು ಸಿಎಆರ್ (ನಗರ ಸಶಸ್ತ್ರ ಮೀಸಲು ಪಡೆ), ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಇಂಥ ಸಶಸ್ತ್ರ ಪಡೆಯ ಕಾನ್‌ಸ್ಟೆಬಲ್ ಹುದ್ದೆಗೆ. ಠಾಣೆಯ ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಬೇಕು, ಪಿಎಸ್‌ಐಗೆ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಡಿಗ್ರಿ. ಓದೊಂದೇ ಸಾಲದು ಅಲ್ವಾ? ಹುಡುಗರು 1600 ಮೀಟರ್ ಆರೂವರೆ ನಿಮಿಷದಲ್ಲಿ ಓಡಬೇಕು, ಆಮೇಲೆ ಉದ್ದ ಜಿಗಿತ ಇಲ್ಲವೇ ಎತ್ತರ ಜಿಗಿತ, 7.26 ಕೆಜಿ ಗುಂಡು ಎಸೆತ, ಇದೆಲ್ಲದರ ಜೊತೆ ಸಾಮಾನ್ಯವಾಗಿ 168 ಸೆಂ.ಮೀ. ಎತ್ತರವೂ ಇರಬೇಕು. ಹಣ ಕೊಟ್ಟರೆ ಕೆಲಸ ಕೊಡಿಸ್ತೀವಿ ಅನ್ನೋರನ್ನು ದಯವಿಟ್ಟು ನಂಬಬೇಡಿ. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿದವರೂ ಅಷ್ಟು ದಿನ ಕಾದರು. ಹೆಣ್ಣುಮಕ್ಕಳ ಅಳತೆ, ಓಟದ ನಿಯಮ ಬೇರೆ ಇವೆ, ಅದನ್ನೂ ಲೇಖನದಲ್ಲಿ ಸೇರಿಸಿ.